ದೃಷ್ಟಿ ಕುಂಬಳಕಾಯಿ ಬೇಗ ಕೊಳೆಯುತ್ತಿದೆಯಾ? ಕಾಯಿ ಆರಿಸುವುದರಿಂದ ಒಡೆಯುವವರೆಗೆ ತಿಳಿದಿರಬೇಕಾದ ವಿಷಯಗಳು

ಶಿವಮೊಗ್ಗ: ಆಯುಧಪೂಜೆ ಹತ್ತಿರ ಬಂತು ಅಂದರೆ ಗಾಂಧಿ ಬಜಾರ್‌ನಿಂದ ಹಿಡಿದು ಹಳ್ಳಿ ಸಂತೆಯವರೆಗೆ ಬೂದುಗುಂಬಳದ ರಾಶಿ ಬೀಳುತ್ತದೆ. ಪೂಜೆಗೆ ಒಂದು, ಅಂಗಡಿ ಬಾಗಿಲಿಗೆ ಒಂದು, ಸಾಂಬಾರಿಗೆ ಒಂದು ಅಂತ ಜನ ಒಟ್ಟಿಗೇ ಎರಡು ಮೂರು ಕಾಯಿ ಒಯ್ಯುತ್ತಾರೆ. ಕೆಲವರ ಮನೆಯಲ್ಲಿ ದಸರಾಕ್ಕೆ ತಂದ ಕಾಯಿ ಯುಗಾದಿ ಬಂದರೂ ಕಲ್ಲಿನ ಹಾಗಿರುತ್ತದೆ. ಇನ್ನು ಕೆಲವರ ಮನೆಯಲ್ಲಿ ಹದಿನೈದು ದಿನಕ್ಕೇ ನೀರು ಸೋರಿ ನಾರುತ್ತದೆ.

ಕೊಳೆತರೆ ಹೋಗುವುದು ಕಾಯಿಯ ದುಡ್ಡು ಮಾತ್ರ ಅಲ್ಲ. ಐದಾರು ಕೆಜಿ ತೂಗುವ ಕಾಯಿ ಬಾಗಿಲ ಮೇಲಿನಿಂದ ಕಳಚಿ ಬಿದ್ದರೆ ಕೆಳಗೆ ನಿಂತವರ ತಲೆಗೆ ಅಪಾಯ. ಹಾಗಾಗಿ ಕಾಯಿ ತರುವ ಮುಂಚೆ ಕೆಲವು ವಿಷಯ ಗೊತ್ತಿರುವುದು ಒಳ್ಳೆಯದು.

ಕಾಯಿ ಕೊಳೆಯುವುದು ಯಾಕೆ?

ಬೂದುಗುಂಬಳದಲ್ಲಿ ಶೇ. 95ಕ್ಕೂ ಹೆಚ್ಚು ನೀರೇ ಇರುತ್ತದೆ. ಅಷ್ಟು ನೀರನ್ನು ತಿಂಗಳುಗಟ್ಟಲೆ ಕೆಡದಂತೆ ಹಿಡಿದಿಡುವುದು ಗಟ್ಟಿ ಸಿಪ್ಪೆ ಮತ್ತು ಅದರ ಮೇಲಿನ ಬಿಳಿ ಬೂದಿ. ಇದು ಧೂಳಲ್ಲ, ಕಾಯಿ ತಾನೇ ಮಾಡಿಕೊಳ್ಳುವ ಮೇಣ. ಒಳಗಿನ ನೀರು ಆರದಂತೆ, ಹೊರಗಿನ ತೇವ ಒಳಗೆ ಹೋಗದಂತೆ ಇದು ತಡೆಯುತ್ತದೆ.

ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಒಳಗೆ ಹೋಗುವುದು ಗಾಯದ ಮೂಲಕ. ಉಗುರು ಗೀರಿದ ಜಾಗ, ಲಾರಿಯಲ್ಲಿ ಜಜ್ಜಿದ ಮೂಲೆ, ಮುರಿದ ತೊಟ್ಟು, ಹಣ್ಣುನೊಣ ಚುಚ್ಚಿದ ತೂತು, ಯಾವುದಾದರೂ ಸಾಕು. ಸರಳವಾಗಿ ಹೇಳುವುದಾದರೆ, ಸಿಪ್ಪೆ ಗಟ್ಟಿ ಇದ್ದರೆ ಆಯಸ್ಸು ತಿಂಗಳುಗಳಲ್ಲಿ, ಸಿಪ್ಪೆ ಒಡೆದರೆ ದಿನಗಳಲ್ಲಿ.

ಕೊಳ್ಳುವಾಗ ಏನು ನೋಡಬೇಕು?

* ಪೂರ್ತಿ ಬಲಿತಿರಬೇಕು. ಮೈತುಂಬ ಬೂದಿ ಇರಬೇಕು, ಉಗುರು ಒತ್ತಿದರೆ ಸುಲಭವಾಗಿ ಇಳಿಯಬಾರದು. (ಒತ್ತಿ ನೋಡಿ ಗಾಯ ಮಾಡಿ ವಾಪಸ್ ಇಡಬೇಡಿ, ಅದು ಮುಂದೆ ಕೊಂಡವರ ಮನೆಯಲ್ಲಿ ಕೊಳೆಯುತ್ತದೆ.)
* ಎಳೆಕಾಯಿ ಪಲ್ಯಕ್ಕೆ ಚೆನ್ನ, ಕಟ್ಟಿಡುವುದಕ್ಕೆ ಆಗುವುದಿಲ್ಲ.
* ಎರಡು ಮೂರು ಇಂಚು ತೊಟ್ಟು ಇರಲಿ. ತೊಟ್ಟು ಕಿತ್ತ ಕಾಯಿ ಮೊದಲು ಕೊಳೆಯುವುದೇ ಅಲ್ಲಿಂದ.
* ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ಭಾರ ಇರಬೇಕು. ಮೆತ್ತಗಿನ ಜಾಗ, ಅಂಟು ಒಸರುವ ಚುಕ್ಕೆ ಇದ್ದರೆ ಬೇಡ.
* ತೊಟ್ಟು ಹಿಡಿದು ಎತ್ತಬೇಡಿ. ಕೆಳಗಿನಿಂದ ಎರಡೂ ಕೈ ಕೊಟ್ಟು ಎತ್ತಿ.

ಬೆಳೆದವರು ಕೊಯ್ಯುವಾಗ

ಹಬ್ಬದ ವಾರ ಎಲ್ಲರ ಮಾಲೂ ಒಟ್ಟಿಗೇ ಮಾರುಕಟ್ಟೆಗೆ ಬರುತ್ತದೆ. ಹಬ್ಬ ಮುಗಿದ ಮರುದಿನ ಕೇಳುವವರಿಲ್ಲ. ಆಗ ಸಿಕ್ಕ ರೇಟಿಗೆ ಕೊಟ್ಟು ಬರುವುದೋ, ಮದುವೆ ಸೀಸನ್‌ವರೆಗೆ ಕಾಯುವುದೋ ಅನ್ನುವುದು ಕೊಯ್ದ ರೀತಿಯ ಮೇಲೆ ನಿಂತಿದೆ.

ಬಳ್ಳಿಯಿಂದ ಎಳೆದು ಕೀಳದೆ, ಹರಿತವಾದ ಚಾಕು ಅಥವಾ ಕತ್ತರಿಯಿಂದ ತೊಟ್ಟು ಬಿಟ್ಟು ಕತ್ತರಿಸಬೇಕು. ಮಳೆ ಬಂದು ಮೈ ಒದ್ದೆ ಇರುವಾಗ ಕೊಯ್ಯಬಾರದು. ಕೊಯ್ದ ಮೇಲೆ ವಾರ ಹತ್ತು ದಿನ ಗಾಳಿಯಾಡುವ, ಬೆಚ್ಚಗಿನ, ಮಳೆ ತಾಗದ ಜಾಗದಲ್ಲಿ ಒಂದರ ಪಕ್ಕ ಒಂದು ಹರಡಿಡಬೇಕು. ಈ ಹೊತ್ತಿನಲ್ಲಿ ಸಣ್ಣ ಗೀರುಗಳು ಒಣಗಿ ಮುಚ್ಚಿಕೊಳ್ಳುತ್ತವೆ, ತೊಟ್ಟು ಆರುತ್ತದೆ. ಸಿಹಿಗುಂಬಳಕ್ಕಂತೂ (ಚೀನಿಕಾಯಿ) ಇದು ಬೇಕೇ ಬೇಕು. ಜಜ್ಜಿದ ಕಾಯಿಯನ್ನು ಬೇರೆ ಮಾಡಿ ಮೊದಲು ಮಾರಿಬಿಡಿ. ಒಂದು ಕೊಳೆತರೆ ತಾಗಿಕೊಂಡಿರುವ ಇನ್ನೊಂದಕ್ಕೂ ಹಬ್ಬುತ್ತದೆ.

ಮನೆಯಲ್ಲಿ ಇಡುವುದು ಹೇಗೆ?

ಮಲೆನಾಡಿನ ಹಳೇ ಮನೆಗಳಲ್ಲಿ ಕುಂಬಳ, ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗುಬಿಡುತ್ತಿದ್ದರು. ಈಗಲೂ ಕೆಲವು ಮನೆಗಳಲ್ಲಿ ನೋಡಬಹುದು. ಸುತ್ತಲೂ ಗಾಳಿ, ನೆಲದ ಶೀತ ಇಲ್ಲ, ಕಾಯಿಗೆ ಕಾಯಿ ತಾಗುವುದಿಲ್ಲ, ಅಡುಗೆ ಒಲೆಯ ಬೆಚ್ಚನೆ ಹೊಗೆ ತೇವ ಕೂರದಂತೆ ನೋಡಿಕೊಳ್ಳುತ್ತದೆ. ಇವತ್ತಿನ ತೋಟಗಾರಿಕೆ ಪುಸ್ತಕಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಅಟ್ಟ ಇಲ್ಲದವರು ಮರದ ಹಲಗೆ ಅಥವಾ ಒಣಹುಲ್ಲಿನ ಮೇಲೆ ಇಡಬಹುದು. ಬರೀ ಸಿಮೆಂಟ್ ನೆಲದ ಮೇಲೆ ಬೇಡ, ಅಡಿಯಲ್ಲಿ ತೇವ ಕಟ್ಟುತ್ತದೆ. ಬಳಸುವವರೆಗೆ ತೊಳೆಯಬೇಡಿ, ಬೂದಿ ಒರೆಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಮಾಗುತ್ತಿರುವ ಬಾಳೆ, ಮಾವಿನ ಜೊತೆಗೂ ಬೇಡ. ಇಡೀ ಕಾಯಿಯನ್ನು ಫ್ರಿಜ್‌ನಲ್ಲಿ ಇಡುವ ಅಗತ್ಯವೇ ಇಲ್ಲ. 10 ಡಿಗ್ರಿಗಿಂತ ಕಡಿಮೆ ತಂಪು ತಾಗಿದರೆ ಕುಂಬಳದ ಮೈ ಒಳಗೇ ಹಾಳಾಗಿ, ಹೊರಗೆ ತೆಗೆದ ಮೇಲೆ ಬೇಗ ಕೊಳೆಯುತ್ತದೆ.

ಹೀಗೆ ಇಟ್ಟರೆ ಚೆನ್ನಾಗಿ ಬಲಿತ ಬೂದುಗುಂಬಳ ಆರು ತಿಂಗಳವರೆಗೂ ಉಳಿಯುತ್ತದೆ. ಸಿಹಿಗುಂಬಳಕ್ಕೆ ಎರಡು ಮೂರು ತಿಂಗಳು ಲೆಕ್ಕ. ವಾರಕ್ಕೊಮ್ಮೆ ತಿರುವಿ ನೋಡುವುದನ್ನು ಮರೆಯಬಾರದು.

ಬಾಗಿಲಿಗೆ ಕಟ್ಟುವಾಗ

ದೃಷ್ಟಿಗೆ ಕಟ್ಟಿದ ಕಾಯಿ ಬೇಗ ಹಾಳಾಗಲು ಮುಖ್ಯ ಕಾರಣ ಕಟ್ಟುವ ರೀತಿ. ಮೊಳೆ ಹೊಡೆಯುವುದು, ತಂತಿ ಚುಚ್ಚುವುದು, ರಾಕ್ಷಸನ ಮುಖವನ್ನು ಚಾಕುವಿನಲ್ಲಿ ಗೀರುವುದು, ಎಲ್ಲವೂ ಕೊಳೆಗೆ ಬಾಗಿಲು ತೆಗೆದ ಹಾಗೆ.

ಮುಖ ಬೇಕಿದ್ದರೆ ಬಣ್ಣದಲ್ಲಿ ಬರೆಯಿರಿ. ತೊಟ್ಟಿಗೆ ಹಗ್ಗ ಬಿಗಿದು ನೇತುಹಾಕುವ ಬದಲು ನೆಲುವಿನ ಹಾಗೆ ಹಗ್ಗದ ಬಲೆ ಮಾಡಿ ಅದರಲ್ಲಿ ಕೂರಿಸಿ. ಭಾರ ಪೂರ್ತಿ ಅಡಿಗೆ ಬೀಳುತ್ತದೆ, ತೊಟ್ಟು ಕಳಚಿದರೂ ಕಾಯಿ ಬೀಳುವುದಿಲ್ಲ. ನೇರ ಬಿಸಿಲು, ಮಳೆ ಹನಿ ತಾಗದ ಕಡೆ ಇರಲಿ. ಜನ ಓಡಾಡುವ ದಾರಿಯ ನೇರ ಮೇಲೆ ಬೇಡ, ಸ್ವಲ್ಪ ಪಕ್ಕಕ್ಕಿರಲಿ.

ಅಮಾವಾಸ್ಯೆಗೆ ಕಾಯಿ ಬದಲಿಸುವ ಪದ್ಧತಿ ಇರುವವರು ಆವತ್ತೇ ಹಗ್ಗವನ್ನೂ ಪರೀಕ್ಷಿಸಬಹುದು. ಅಡಿಯಲ್ಲಿ ಬಣ್ಣ ಬದಲಾಗಿದ್ದರೆ, ನೀರು ಜಿನುಗಿದ್ದರೆ, ಸಣ್ಣ ನೊಣ ಸುತ್ತುತ್ತಿದ್ದರೆ ಮುಂದಿನ ಅಮಾವಾಸ್ಯೆವರೆಗೆ ಕಾಯದೆ ಇಳಿಸಿಬಿಡಿ.

ತೂತು ಕೊರೆದ ಕಾಯಿ

ಆಯುಧಪೂಜೆಗೆ ಕಾಯಿಯ ತಲೆ ಕೊರೆದು ಕುಂಕುಮ, ಚಿಲ್ಲರೆ ಹಾಕಿ ಮುಚ್ಚುವುದು ವಾಡಿಕೆ. ಕೆಲವರು ಹಿಂದಿನ ದಿನವೇ ಕೊರೆದಿಟ್ಟುಕೊಳ್ಳುತ್ತಾರೆ. ಇದು ಬೇಡ, ಪೂಜೆಗೆ ಕೂರುವ ಸ್ವಲ್ಪ ಮುಂಚೆ ಕೊರೆಯಿರಿ.

ಅಮೆರಿಕದಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಸಿಹಿಗುಂಬಳದ ಒಳಗನ್ನು ತೋಡಿ, ಮುಖ ಕೆತ್ತಿ, ದೀಪ ಇಡುತ್ತಾರೆ. ಅಲ್ಲಿನ ತಂಪಿನಲ್ಲೂ ಕೆತ್ತಿದ ಕಾಯಿ ಉಳಿಯುವುದು ಕೆಲವು ದಿನ ಮಾತ್ರ, ಹೆಚ್ಚೆಂದರೆ ವಾರದ ಆಸುಪಾಸು. ಅಲ್ಲಿರುವ ನಮ್ಮವರು ಮಕ್ಕಳಿಗಾಗಿ ಕೆತ್ತುವುದಾದರೆ ಒಳಗಿನ ಬೀಜ, ನಾರನ್ನು ಪೂರ್ತಿ ಕೆರೆದು ತೆಗೆಯಬೇಕು. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಬೆರೆಸಿ ಒಳಗೆ ಸಿಂಪಡಿಸಿ ಒಣಗಿಸಿ, ಕತ್ತರಿಸಿದ ಅಂಚಿಗೆ ವ್ಯಾಸಲಿನ್ ಸವರಿದರೆ ಬೇಗ ಬಾಡುವುದಿಲ್ಲ. ಮೇಣದ ಬತ್ತಿಯ ಬಿಸಿಗೆ ಕಾಯಿ ಒಳಗೇ ಬೇಯುತ್ತದೆ, ಬ್ಯಾಟರಿ ದೀಪ ಒಳ್ಳೆಯದು. ಬ್ಲೀಚ್ ಹಾಕಿದ ಕಾಯಿ ಅಡುಗೆಗೂ ಬೇಡ, ದನಕ್ಕೂ ಬೇಡ.

ಹೆಚ್ಚಿದ ಮೇಲೆ ಉಳಿದರೆ?

ಮೊದಲು ಹಳಸುವುದು ನಡುವಿನ ತಿರುಳು ಮತ್ತು ಬೀಜ. ಅದನ್ನು ತೆಗೆದು, ಹೋಳನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ. ಹೆಚ್ಚು ಉಳಿದರೆ ಬೂದುಗುಂಬಳದ ಸಂಡಿಗೆ ಇದ್ದೇ ಇದೆ, ಚೆನ್ನಾಗಿ ಒಣಗಿದರೆ ವರ್ಷದ ಮಾಲು. ತುರಿದರೆ ಕಾಶಿ ಹಲ್ವಾ. ಹೋಳು ಬಾಯಿಗೆ ಕಹಿ ಹತ್ತಿದರೆ ಮಾತ್ರ ಸಕ್ಕರೆ, ಬೆಲ್ಲ ಹಾಕಿ ಸರಿಮಾಡಲು ಹೋಗಬೇಡಿ. ಕುಂಬಳ ಜಾತಿಯ ತರಕಾರಿಗಳಲ್ಲಿ ಆ ಕಹಿ ವಾಂತಿ, ಭೇದಿ ತರಬಹುದು. ಪೂರ್ತಿ ಎಸೆಯಿರಿ.

ಒಡೆಯುವುದು ಎಲ್ಲಿ?

ರಸ್ತೆ ಮಧ್ಯೆ ಒಡೆಯಬೇಡಿ ಅಂತ ಪೊಲೀಸರು ಹಬ್ಬದ ಹೊತ್ತಿಗೆ ಹೇಳುತ್ತಲೇ ಇರುತ್ತಾರೆ. ನೀರು ತುಂಬಿದ ತಿರುಳು, ಮೇಲೆ ಕುಂಕುಮ, ಸಂಜೆ ಕತ್ತಲು. ಬೈಕ್ ಚಕ್ರ ಜಾರಲು ಇನ್ನೇನು ಬೇಕು? ಮನೆ, ಅಂಗಡಿ ಮುಂದಿನ ಸ್ವಂತ ಜಾಗದಲ್ಲಿ, ಒಂದು ಮೂಲೆಯಲ್ಲಿ ಒಡೆದು, ಪೂಜೆ ಮುಗಿದ ಕೂಡಲೇ ಗುಡಿಸಿ ತೆಗೆಯಿರಿ. ಚಿಲ್ಲರೆ ಹೆಕ್ಕಲು ಮಕ್ಕಳು ರಸ್ತೆಗೆ ಓಡುವುದೂ ತಪ್ಪುತ್ತದೆ.

ಕುಂಕುಮ ತಾಗಿದ ಹೋಳನ್ನು ದನಕ್ಕೆ ಹಾಕಬೇಡಿ, ಅಗ್ಗದ ಕುಂಕುಮದಲ್ಲಿ ರಾಸಾಯನಿಕ ಬಣ್ಣ ಇರುತ್ತದೆ. ಕೊಳೆತ ಕಾಯಿಯನ್ನು ಚರಂಡಿಗೆ ತಳ್ಳದೆ ಹಸಿಕಸಕ್ಕೆ ಕೊಡಿ. ಹಿತ್ತಲಿದ್ದವರು ಗುಂಡಿ ತೋಡಿ ಮಣ್ಣು ಮುಚ್ಚಿದರೆ ತೆಂಗು, ಬಾಳೆಗೆ ಗೊಬ್ಬರ ಆಗುತ್ತದೆ.