ಒಂದು ಆಮ್ಲ, ಹತ್ತೊಂಬತ್ತು ಸೂತ್ರ

ನಮ್ಮ ಮನೆಗಳಲ್ಲಿ ಸಿರ್ಕಾ ಎಂದು ಕರೆಯುವ ವಿನೆಗರ್ ನಿಮಗೆಲ್ಲ ಗೊತ್ತು. ಅದರ ಹುಳಿಗೆ ಕಾರಣ ಅಸಿಟಿಕ್ ಆಮ್ಲ. ಈ ಒಂದೇ ಆಮ್ಲಕ್ಕೆ ಆಗ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಜರ್ಮನಿಯ ಕೆಕುಲೆ ತಮ್ಮ 1861ರ ಪಠ್ಯಪುಸ್ತಕದಲ್ಲಿ ಪಟ್ಟಿ ಮಾಡಿದರು. ಪರಮಾಣುಗಳ ಜೋಡಣೆಯ ಬಗ್ಗೆಯಷ್ಟೇ ಅಲ್ಲ, ಅವುಗಳ ಸಂಖ್ಯೆಯ ಬಗ್ಗೆಯೂ ಜಗಳವಿತ್ತು.

ಅಳತೆಯಲ್ಲಿ ದೋಷವಿತ್ತೇ? ಇಲ್ಲ. 1831ರಲ್ಲಿ ಲೀಬಿಗ್ ರೂಪಿಸಿದ ಗಾಜಿನ ಉಪಕರಣ ಬಂದ ಮೇಲೆ, ವಸ್ತುವನ್ನು ಸುಟ್ಟು, ಹೊರಬಂದ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಹಿಡಿದು ತೂಗುವುದು ಸುಲಭವಾಗಿತ್ತು. ಅಸಿಟಿಕ್ ಆಮ್ಲದಲ್ಲಿ ಇಂಗಾಲ ಶೇ. 40, ಜಲಜನಕ ಶೇ. 6.7, ಉಳಿದ ಶೇ. 53.3 ಆಮ್ಲಜನಕ.

ಈಗ ನೀವೇ ಒಂದು ಹಾಳೆಯಲ್ಲಿ ಲೆಕ್ಕ ಮಾಡಿ. ಪ್ರತಿ ಅಂಕಿಯನ್ನೂ ಆಯಾ ಪರಮಾಣು ತೂಕದಿಂದ, ಅಂದರೆ 12, 1, 16ರಿಂದ ಭಾಗಿಸಿ. 3.33, 6.7, 3.33 ಬರುತ್ತದೆ. ಚಿಕ್ಕದರಿಂದ ಮತ್ತೆ ಭಾಗಿಸಿದರೆ 1:2:1. ಇದೇ ಎಂಪಿರಿಕಲ್ ಸೂತ್ರ. ಪರೀಕ್ಷೆಯಲ್ಲಿ ಇಷ್ಟಕ್ಕೇ ಪೂರ್ಣ ಅಂಕ. ಆದರೆ ಆ 12 ಮತ್ತು 16 ಎಲ್ಲಿಂದ ಬಂದವು?

ನೀರಿನಲ್ಲಿ ಎರಡೂ ಧಾತುಗಳ ಪರಮಾಣು ಒಂದೊಂದೇ ಎಂದು ಡಾಲ್ಟನ್ ಊಹಿಸಿದ್ದರು. ಹಾಗೆ ನಂಬಿದರೆ ಆಮ್ಲಜನಕದ ತೂಕ 8 ಆಗುತ್ತದೆ. ಅದೇ ದಾರಿಯಲ್ಲಿ ಹಲವರು ಇಂಗಾಲಕ್ಕೆ 6, ಆಮ್ಲಜನಕಕ್ಕೆ 8 ಇಟ್ಟುಕೊಂಡಿದ್ದರು. ಅದರಿಂದ ಭಾಗಿಸಿ ನೋಡಿ, ಅದೇ ಶೇಕಡಾ ಅಂಕಿಗಳಿಗೆ 1:1:1 ಬರುತ್ತದೆ! ಸೂತ್ರ ತಿಳಿಯಲು ತೂಕ ಬೇಕು, ತೂಕ ತಿಳಿಯಲು ಸೂತ್ರ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಗಿತ್ತು.

ಗಂಟು ಬಿಚ್ಚಿದವರು ಇಟಲಿಯ ಕ್ಯಾನಿಜಾರೊ. ಅವೊಗ್ಯಾಡ್ರೊ 1811ರಲ್ಲೇ ಹೇಳಿದ್ದನ್ನು ಅವರು ಹಿಡಿದರು: ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ. ಹಾಗಾದರೆ ಅನಿಲದ ಸಾಂದ್ರತೆಯಿಂದ ಅಣುವಿನ ತೂಕ ಸಿಗುತ್ತದೆ. ಮೀಥೇನಿನ 16ರಲ್ಲಿ ಇಂಗಾಲ 12, ಇಂಗಾಲದ ಡೈಆಕ್ಸೈಡಿನ 44ರಲ್ಲೂ 12, ಎಥಿಲೀನಿನ 28ರಲ್ಲಿ 24. ಹನ್ನೆರಡಕ್ಕಿಂತ ಕಡಿಮೆ ಎಲ್ಲೂ ಇಲ್ಲ. ಅಂದಮೇಲೆ ಇಂಗಾಲದ ಪರಮಾಣು ತೂಕ 12.

1858ರಲ್ಲಿ ಅವರು ಇದನ್ನು ಪ್ರಕಟಿಸಿದ್ದು ತಮ್ಮ ತರಗತಿಯ ಪಾಠಗಳ ಸಾರಾಂಶವಾಗಿ. ಶಿಕ್ಷಕರಾದ ನಮಗೆ ಇದು ಹೆಮ್ಮೆಯ ಮಾತು. 1860ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ರಸಾಯನಶಾಸ್ತ್ರಜ್ಞರ ಸಮ್ಮೇಳನ ಒಮ್ಮತಕ್ಕೆ ಬರಲಿಲ್ಲ. ಆದರೆ ಅಲ್ಲಿ ಹಂಚಿದ ಆ ಕಿರುಹೊತ್ತಗೆಯನ್ನು ಓದಿ ಲೋಥರ್ ಮೇಯರ್ ಅವರ ಸಂಶಯ ಕರಗಿತು. ಸಭೆಯಲ್ಲಿದ್ದ ಮೆಂಡೆಲೀವ್ 1869ರಲ್ಲಿ ಆವರ್ತಕ ಕೋಷ್ಟಕ ಕಟ್ಟಿದ್ದು ಈ ಹೊಸ ತೂಕಗಳ ಮೇಲೆಯೇ.

ಅಂದಹಾಗೆ, ಗ್ಲೂಕೋಸಿನ ಅನುಪಾತವೂ 1:2:1 ಆಗಿದೆ. ಈ ಘಟಕದ ತೂಕ 30. ಅಸಿಟಿಕ್ ಆಮ್ಲದ ಅಣುತೂಕ 60, ಗ್ಲೂಕೋಸಿನದು 180. ಯಾವುದರಲ್ಲಿ ಎಷ್ಟು ಪರಮಾಣುಗಳಿವೆ ಎಂಬುದನ್ನು ಅದೇ ಹಾಳೆಯಲ್ಲಿ ಬರೆದು ನೋಡಿ.