ಹಿತ್ತಲ ಗಿಡವೂ ಮದ್ದೇ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾನು ಎಷ್ಟು ಪರೀಕ್ಷೆಗಳಲ್ಲಿ ಪ್ರಶ್ನೆ ಕೊಟ್ಟಿರುವೆನೋ ಲೆಕ್ಕವಿಲ್ಲ. ಮಕ್ಕಳು ಅಜ್ಜಿಯ ಕಷಾಯದ ಕತೆ ಬರೆದು ಐದಕ್ಕೆ ನಾಲ್ಕು ಅಂಕ ಪಡೆಯುತ್ತಿದ್ದರು. ಆ ಗಾದೆಯ ಪೂರ್ಣಾರ್ಥ ನನಗೇ ತಿಳಿದದ್ದು ಮುಖ್ಯೋಪಾಧ್ಯಾಯನಾದ ಮೇಲೆ, ಅದೂ ಒಂದು ತಪ್ಪು ಮಾಡಿದ ನಂತರ. ಆ ತಪ್ಪನ್ನು ಕಡೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ದುಡಿಯುವವನ ತಲೆಯಲ್ಲಿ ಹುಟ್ಟಿದ ವಿಚಾರಕ್ಕೆ ಧಣಿಗಳು ಕಿವಿಗೊಟ್ಟ ಚರಿತ್ರೆಯನ್ನು ಸ್ವಲ್ಪ ನೋಡೋಣ. ನಿವೃತ್ತಿಯ ನಂತರ ನಾನು ಆಸಕ್ತಿಯಿಂದ ಓದಿದ ವಿಷಯಗಳಲ್ಲಿ ಇದೂ ಒಂದು.

ಜನರಿಂದ ಚೀಟಿ ಪಡೆಯುವ ಪೆಟ್ಟಿಗೆ ಹೊಸದೇನಲ್ಲ. ವೆನಿಸ್ ನಗರದ ಡೋಜ್ ಅರಮನೆಯ ಗೋಡೆಗಳಲ್ಲಿ ಕಲ್ಲಿನ ಮುಖವೊಂದರ ಬಾಯಿಯಂತೆ ಕೊರೆದ ಕಂಡಿಗಳಿವೆ. ಅವುಗಳಿಗೆ ‘ಸಿಂಹದ ಬಾಯಿ’ ಎಂದು ಹೆಸರು. ಅಲ್ಲಿ ಹಾಕುತ್ತಿದ್ದುದು ಸಲಹೆಯನ್ನಲ್ಲ, ದೂರನ್ನು. ನೆರೆಯವನು ನೆರೆಯವನ ಮೇಲೆ, ವ್ಯಾಪಾರಿ ವ್ಯಾಪಾರಿಯ ಮೇಲೆ ಬರೆದು ಹಾಕುವ ಚಾಡಿಯ ಬಾಯಿ ಅದು.

ಜಪಾನಿನಲ್ಲಿ ಇನ್ನೊಂದು ಬಗೆಯ ಪೆಟ್ಟಿಗೆ ಕಾಣಿಸಿತು. 1721ರಲ್ಲಿ ಶೋಗನ್ ತೊಕುಗಾವಾ ಯೋಶಿಮುನೆಯು ಎಡೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಸಾಮಾನ್ಯ ಪ್ರಜೆಗಳಿಗಾಗಿ ಒಂದು ಅಹವಾಲು ಪೆಟ್ಟಿಗೆಯನ್ನು ಇಡಿಸಿದನು. ಬರೆದವನು ತನ್ನ ಹೆಸರು, ವಿಳಾಸಗಳನ್ನು ಕಾಣಿಸಬೇಕಿತ್ತು. ಪೆಟ್ಟಿಗೆಯ ಬೀಗದ ಕೈ ಶೋಗನ್‌ನ ಬಳಿಯೇ ಇರುತ್ತಿತ್ತು, ನಡುವಿನ ಅಧಿಕಾರಿಗಳು ತೆರೆಯುವಂತಿರಲಿಲ್ಲ. ಒಗಾವಾ ಶೋಸೆನ್ ಎಂಬ ಊರ ವೈದ್ಯನೊಬ್ಬ, ಬಡ ರೋಗಿಗಳಿಗೆ ಒಂದು ಚಿಕಿತ್ಸಾಲಯ ಬೇಕೆಂದು ಬರೆದು ಹಾಕಿದ. ಮರುವರ್ಷವೇ, 1722ರಲ್ಲಿ, ಕೊಯಿಶಿಕಾವಾ ಎಂಬಲ್ಲಿ ಸರ್ಕಾರದ ಔಷಧಿ ಸಸ್ಯಗಳ ತೋಟದೊಳಗೆ ಅಂಥ ಚಿಕಿತ್ಸಾಲಯ ತೆರೆಯಿತು. ತೊಕುಗಾವಾ ಆಳ್ವಿಕೆ ಮುಗಿಯುವವರೆಗೂ ಅದು ನಡೆಯಿತು. ಹಿತ್ತಲ ಗಿಡವೇ ಮದ್ದಾದ ಕತೆ ಇದಲ್ಲವೇ?

ಕಾರ್ಖಾನೆಯ ಮಾತಿಗೆ ಬರೋಣ. ಸ್ಕಾಟ್ಲೆಂಡಿನಲ್ಲಿ ಕ್ಲೈಡ್ ನದಿಗೆ ಲೆವೆನ್ ನದಿ ಸೇರುವೆಡೆ ಡಂಬಾರ್ಟನ್ ಎಂಬ ಊರಿದೆ. ಅಲ್ಲಿದ್ದ ವಿಲಿಯಂ ಡೆನ್ನಿ ಅಂಡ್ ಬ್ರದರ್ಸ್ ಹಡಗುಕಟ್ಟೆ ಹೆಸರಾದದ್ದು. ಬರ್ಮಾದ ಇರಾವತಿ ನದಿಯಲ್ಲಿ ಓಡಾಡಿದ ಅನೇಕ ಆವಿಹಡಗುಗಳು ಅಲ್ಲಿ ತಯಾರಾದವು. ಕಬ್ಬಿಣವನ್ನು ಬಿಟ್ಟು ಉಕ್ಕಿನಲ್ಲಿ ಹಡಗು ಕಟ್ಟುವುದರಲ್ಲಿ ಆ ಸಂಸ್ಥೆ ಮುಂಚೂಣಿಯಲ್ಲಿತ್ತು. 1880ರಲ್ಲಿ ಅದರ ಪಾಲುದಾರನಾಗಿದ್ದ ಕಿರಿಯ ವಿಲಿಯಂ ಡೆನ್ನಿ ತನ್ನ ಕೆಲಸಗಾರರಿಗಾಗಿ ಒಂದು ಬಹುಮಾನ ಯೋಜನೆಯನ್ನು ಜಾರಿಗೆ ತಂದನು. ಹೊಸ ಯಂತ್ರವನ್ನೋ ಕೈಹತ್ಯಾರವನ್ನೋ ಕಂಡುಹಿಡಿದವನು, ಇರುವ ಯಂತ್ರವನ್ನು ಉತ್ತಮಪಡಿಸಿದವನು, ಕೆಲಸದ ಹೊಸ ಕ್ರಮವನ್ನು ತೋರಿಸಿದವನು, ಅಪಘಾತ ತಪ್ಪಿಸುವ ಉಪಾಯ ಸೂಚಿಸಿದವನು ಬಹುಮಾನ ಕೇಳಬಹುದಿತ್ತು. ಇದನ್ನು ಪರಿಶೀಲಿಸಲು ಒಂದು ಸಮಿತಿಯಿತ್ತು. ಕೈಗಾರಿಕಾ ಚರಿತ್ರೆಯಲ್ಲಿ ಕ್ರಮಬದ್ಧವಾದ ಸಲಹಾ ಯೋಜನೆಗಳ ಮೊದಲ ಸಾಲಿನಲ್ಲಿ ಇದರ ಹೆಸರು ಬರುತ್ತದೆ.

ಆಗ ಡೆನ್ನಿಗೆ ಮೂವತ್ತಮೂರು ವರ್ಷ. ಸ್ವತಃ ಕಲಿಯುವ ಹಂಬಲವುಳ್ಳವನು. ಹಡಗಿನ ಮಾದರಿಗಳನ್ನು ನೀರಿನಲ್ಲಿ ಎಳೆದು ಪರೀಕ್ಷಿಸುವ ಉದ್ದನೆಯ ತೊಟ್ಟಿಯನ್ನು 1883ರಲ್ಲಿ ತನ್ನ ಕಟ್ಟೆಯಲ್ಲೇ ಕಟ್ಟಿಸಿದನು. ವಾಣಿಜ್ಯ ಸಂಸ್ಥೆಯೊಂದು ಹಾಗೆ ಕಟ್ಟಿಸಿದ್ದು ಜಗತ್ತಿನಲ್ಲೇ ಮೊದಲು. 1887ರಲ್ಲಿ, ನಲವತ್ತು ತುಂಬುವ ಮೊದಲೇ, ದೂರದ ಬ್ಯೂನಸ್ ಐರಿಸ್‌ನಲ್ಲಿ ಅವನು ತನ್ನ ಬದುಕನ್ನು ತಾನೇ ಮುಗಿಸಿಕೊಂಡನು. ಹಡಗುಕಟ್ಟೆಯೂ 1963ರಲ್ಲಿ ಮುಚ್ಚಿತು. ಆ ತೊಟ್ಟಿ ಮಾತ್ರ ವಸ್ತುಸಂಗ್ರಹಾಲಯವಾಗಿ ಉಳಿಯಿತು.

ಅಮೆರಿಕದ ಕತೆ ಬೇರೆ ರೀತಿಯದು. ಓಹಾಯೋ ಪ್ರಾಂತದ ಡೇಟನ್ ಊರಿನಲ್ಲಿ ಜಾನ್ ಪ್ಯಾಟರ್‌ಸನ್ ಎಂಬಾತ ನಗದು ಎಣಿಕೆಯ ಯಂತ್ರಗಳನ್ನು ತಯಾರಿಸುತ್ತಿದ್ದ. ಅವನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಗೆ 1894ರ ಸುಮಾರಿಗೆ ದೊಡ್ಡ ಪೆಟ್ಟು ಬಿತ್ತು. ಇಂಗ್ಲೆಂಡಿಗೆ ಕಳಿಸಿದ್ದ ಐವತ್ತು ಸಾವಿರ ಡಾಲರ್ ಬೆಲೆಯ ಯಂತ್ರಗಳು ಕೆಟ್ಟವೆಂದು ಹಿಂದಿರುಗಿ ಬಂದವು. ಯಾರೋ ಕೆಲಸಗಾರರು ಒಳಗೆ ಆಮ್ಲ ಸುರಿದಿದ್ದರೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಬೇರೊಬ್ಬನಾಗಿದ್ದರೆ ಪೊಲೀಸರನ್ನು ಕರೆಯುತ್ತಿದ್ದ. ಪ್ಯಾಟರ್‌ಸನ್ ತನ್ನ ಮೇಜನ್ನು ಕಾರ್ಖಾನೆಯ ಅಂಗಳಕ್ಕೆ ಸಾಗಿಸಿ, ಅಲ್ಲೇ ಕುಳಿತು ನೋಡಿದ. ಕತ್ತಲು, ಕೊಳಕು, ಬೇಸರ ಅವನ ಕಣ್ಣಿಗೆ ಬಿದ್ದವು. ಬೆಳಕನ್ನೂ ಗಾಳಿಯನ್ನೂ ಒದಗಿಸಿದ್ದಲ್ಲದೆ, ಕೆಲಸಗಾರರ ಸಲಹೆಗಳಿಗೆ ಬಹುಮಾನ ಕೊಡುವ ಪದ್ಧತಿಯನ್ನೂ ಆರಂಭಿಸಿದ. ಅವನು ಸಾಧುವೇನಲ್ಲ. ಮಾತು ಕೇಳದ ಅಧಿಕಾರಿಗಳನ್ನು ನಿಂತ ಕಾಲಿನಲ್ಲಿ ಓಡಿಸುವುದರಲ್ಲೂ ಅವನು ಪ್ರಸಿದ್ಧ. ಆದರೂ ಕೆಳಗಿನವನ ಕಣ್ಣಿಗೆ ಕಾಣುವುದು ಮೇಲಿನವನ ಕಣ್ಣಿಗೆ ಕಾಣದೆಂಬುದನ್ನು ಅವನು ಅರಿತಿದ್ದ.

ನಾಲ್ಕು ವರ್ಷಗಳ ನಂತರ, 1898ರಲ್ಲಿ, ಛಾಯಾಚಿತ್ರದ ಕೊಡ್ಯಾಕ್ ಸಂಸ್ಥೆಯೂ ಸಲಹಾ ಪದ್ಧತಿಯನ್ನು ತಂದಿತು. ಮೊದಲ ಬಹುಮಾನ ಪಡೆದ ಕೆಲಸಗಾರನು ಬರೆದದ್ದೇನು? ಕಾರ್ಯಾಗಾರಕ್ಕೆ ಬೆಳಕು ಸಾಲದು, ಕಿಟಕಿಗಳನ್ನು ತೊಳೆಸಿ ಎಂದು. ಬಹುಮಾನ ಎರಡು ಡಾಲರ್. ನಗಬೇಡಿ. ಬೆಳಕನ್ನೇ ಬಂಡವಾಳ ಮಾಡಿಕೊಂಡ ಸಂಸ್ಥೆಯಲ್ಲಿ ಬೆಳಕು ಸಾಲದೆಂದು ಹೇಳಲು ಒಬ್ಬ ಕೆಲಸಗಾರನೇ ಬೇಕಾಯಿತು.

ಈ ವಿಚಾರ ಮತ್ತೆ ಜಪಾನಿಗೆ ಹೋದದ್ದು ಎರಡನೆಯ ಮಹಾಯುದ್ಧದ ಬಳಿಕ. 1950ರಲ್ಲಿ ಟೊಯೋಟಾ ಕಂಪನಿ ಸಾಲದಲ್ಲಿ ಮುಳುಗಿ, ಕೆಲಸಗಾರರ ಮುಷ್ಕರವನ್ನೂ ಎದುರಿಸಿ, ಸ್ಥಾಪಕ ಕಿಇಚಿರೋ ಟೊಯೋಡಾ ರಾಜೀನಾಮೆ ಕೊಡಬೇಕಾಯಿತು. ಅದೇ ವರ್ಷ ಅವನ ದಾಯಾದಿ ಎಯ್ಜಿ ಟೊಯೋಡಾ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯನ್ನು ನೋಡಿಬಂದ. ಅಲ್ಲಿನ ದೈತ್ಯ ಯಂತ್ರಗಳನ್ನು ಕೊಳ್ಳಲು ಇವರಲ್ಲಿ ಹಣವಿರಲಿಲ್ಲ. ಹಣವಿಲ್ಲದೆ ತರಬಹುದಾದದ್ದು ಒಂದಿತ್ತು, ಅಲ್ಲಿನ ಸಲಹಾ ಪದ್ಧತಿ. 1951ರಲ್ಲಿ ಟೊಯೋಟಾ ಅದನ್ನು ತನ್ನಲ್ಲಿ ನೆಲೆಗೊಳಿಸಿತು. ಬಹುಮಾನದ ಮೊತ್ತ ದೊಡ್ಡದಾಗಿರಬೇಕಿಲ್ಲ, ಪ್ರತಿಯೊಂದು ಸಲಹೆಗೂ ಉತ್ತರ ಸಿಗಬೇಕು, ಬಹುಪಾಲು ಸಲಹೆಗಳು ಜಾರಿಗೆ ಬರಬೇಕು ಎಂಬುದು ಆ ಪದ್ಧತಿ ಬೆಳೆದಂತೆ ಗಟ್ಟಿಯಾದ ತತ್ತ್ವ.

ಕೆಲವೊಮ್ಮೆ ಪೆಟ್ಟಿಗೆಯೂ ಬೇಕಾಗುವುದಿಲ್ಲ, ಮೇಲಿನವರು ಸುಮ್ಮನಿದ್ದರೆ ಸಾಕು. ಅಮೆರಿಕದ ತ್ರೀ ಎಂ ಕಂಪನಿಯಲ್ಲಿ ರಿಚರ್ಡ್ ಡ್ರೂ ಎಂಬ ತರುಣನು ಮರಳುಕಾಗದದ ಮಾದರಿಗಳನ್ನು ಮೋಟಾರು ರಿಪೇರಿ ಅಂಗಡಿಗಳಿಗೆ ಒಯ್ಯುತ್ತಿದ್ದ. ಎರಡು ಬಣ್ಣದ ಕಾರುಗಳು ಆಗಿನ ಶೋಕಿ. ಒಂದು ಬಣ್ಣ ಬಳಿಯುವಾಗ ಇನ್ನೊಂದನ್ನು ಮುಚ್ಚಲು ಅಂಟಿಸಿದ ಕಾಗದವನ್ನು ಕಿತ್ತರೆ ಬಣ್ಣವೂ ಕಿತ್ತುಬರುತ್ತಿತ್ತು. ಬಣ್ಣಗಾರರ ಬೈಗುಳ ಕೇಳಿದ ಡ್ರೂ, ಹಾನಿಯಿಲ್ಲದೆ ಬಿಡಿಸಬಹುದಾದ ಪಟ್ಟಿಯೊಂದನ್ನು ಮಾಡಲು ಹೊರಟ. ಅದು ಅವನಿಗೆ ವಹಿಸಿದ ಕೆಲಸವಲ್ಲ. ಬಿಟ್ಟುಬಿಡೆಂದು ಸಂಸ್ಥೆಯ ಮುಖ್ಯಸ್ಥ ವಿಲಿಯಂ ಮೆಕ್‌ನೈಟ್ ಒಮ್ಮೆ ಹೇಳಿದ್ದನಂತೆ. ಆತ ಬಿಡದೆ ಮುಂದುವರಿಸಿದ್ದನ್ನು ಕಂಡೂ ಕಾಣದಂತೆ ಇದ್ದನಂತೆ. 1925ರಲ್ಲಿ ಮಾಸ್ಕಿಂಗ್ ಟೇಪ್ ಹುಟ್ಟಿತು. ಇಂದು ನಮ್ಮ ಊರಿನ ಬಣ್ಣದ ಅಂಗಡಿಗಳಲ್ಲೂ ಅದು ತೂಗಾಡುತ್ತದೆ.

ಮನೆಯವರ ಮಾತು ಕೇಳಿದ್ದಾಯಿತು, ಹೊರಗಿನವರ ಮಾತು ಕೇಳಿದವರೂ ಇದ್ದಾರೆ. ಗಣಿ ಕಂಪನಿಗಳು ತಮ್ಮ ಭೂಗರ್ಭದ ಮಾಹಿತಿಯನ್ನು ನಿಧಿಗಿಂತ ಭದ್ರವಾಗಿ ಮುಚ್ಚಿಡುತ್ತವೆ. ಕೆನಡಾದ ಗೋಲ್ಡ್‌ಕಾರ್ಪ್ ಕಂಪನಿಯ ರಾಬ್ ಮೆಕ್‌ಯೂಯೆನ್ 2000ದಲ್ಲಿ ಇದಕ್ಕೆ ವಿರುದ್ಧವಾಗಿ ನಡೆದ. ಒಂಟಾರಿಯೋದ ರೆಡ್ ಲೇಕ್ ಗಣಿಯ ಮಾಹಿತಿಯನ್ನೆಲ್ಲ ಅಂತರ್ಜಾಲದಲ್ಲಿ ತೆರೆದಿಟ್ಟು, ಚಿನ್ನವೆಲ್ಲಿದೆ ಹೇಳಿ ಎಂದು ಜಗತ್ತನ್ನೇ ಕೇಳಿದ. ಬಹುಮಾನಗಳ ಮೊತ್ತ 5,75,000 ಡಾಲರ್. ಮೊದಲ ಸ್ಥಾನ ಪಡೆದವರು ಆ ಗಣಿಯನ್ನು ಕಣ್ಣಾರೆ ಕಂಡಿರದ ಆಸ್ಟ್ರೇಲಿಯಾದವರು. ಅವರು ಗಣಕದಲ್ಲಿ ಗಣಿಯ ಮೂರು ಆಯಾಮದ ಚಿತ್ರವನ್ನು ರಚಿಸಿ ತೋರಿಸಿದ್ದರು.

ಇನ್ನು ನನ್ನ ತಪ್ಪಿನ ವಿಚಾರ. ನಾನು ಮುಖ್ಯೋಪಾಧ್ಯಾಯನಾಗಿ ಹೋದ ಶಾಲೆಯಲ್ಲಿ ಬಹಳ ಉತ್ಸಾಹದಿಂದ ಒಂದು ಸಲಹಾ ಪೆಟ್ಟಿಗೆಯನ್ನು ಮಾಡಿಸಿದೆ. ಬಡಗಿಯಿಂದ ಹಲಸಿನ ಹಲಗೆಯಲ್ಲಿ ಮಾಡಿಸಿ, ಹಸಿರು ಬಣ್ಣ ಬಳಿಸಿ, ಬೀಗ ಹಾಕಿಸಿ, ಪ್ರಾರ್ಥನೆಯ ವೇಳೆಯಲ್ಲಿ ಅದರ ಕುರಿತು ಸಣ್ಣ ಭಾಷಣವನ್ನೂ ಮಾಡಿದೆ. ಮೊದಲ ವಾರ ಹದಿನೇಳು ಚೀಟಿಗಳು ಬಂದವು. ಒಂದರಲ್ಲಿ, ಪುಟ್ಟ ದುಂಡನೆಯ ಅಕ್ಷರಗಳಲ್ಲಿ, ಹೀಗೊಂದು ಸಲಹೆಯಿತ್ತು: ಪುಸ್ತಕದ ಬೀರುವಿನ ಬೀಗದ ಕೈ ದೊಡ್ಡ ಮೇಷ್ಟ್ರ ಜೇಬಿನಲ್ಲಿರುತ್ತದೆ, ಅವರು ತಾಲ್ಲೂಕು ಕಚೇರಿಗೆ ಹೋದ ದಿನ ನಮಗೆ ಪುಸ್ತಕ ಸಿಗುವುದಿಲ್ಲ, ಬೀಗದ ಕೈಯನ್ನು ಹತ್ತನೆಯ ತರಗತಿಯವರ ಬಳಿ ಇರಿಸಿದರೆ ಅವರು ಬರೆದುಕೊಂಡು ಕೊಡುತ್ತಾರೆ.

ಓದಿದಾಗ ನನಗೆ ಸಿಟ್ಟು ಬಂತೆಂದರೆ ನೀವು ನಂಬಲಿಕ್ಕಿಲ್ಲ. ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಾದವನು ನಾನು ಎಂದು ಗೊಣಗಿ, ಚೀಟಿಯನ್ನು ಮೇಜಿನ ಸೆಳೆಖಾನೆಗೆ ಹಾಕಿದೆ. ಆಗುವುದಿಲ್ಲವೆಂದಾಗಲಿ ಏಕೆ ಆಗದೆಂದಾಗಲಿ ಯಾರಿಗೂ ಹೇಳಲಿಲ್ಲ. ಉಳಿದ ಹದಿನಾರಕ್ಕೂ ಅದೇ ಗತಿಯಾಯಿತು. ಮರುವಾರ ಆರು ಚೀಟಿ, ಅದರ ಮರುವಾರ ಎರಡು. ದಸರೆಯ ರಜೆ ಮುಗಿಸಿ ಬಂದು ತೆರೆದಾಗ ಒಳಗೆ ಒಂದು ಜೇಡ ಬಲೆ ಕಟ್ಟಿತ್ತು. ಮಕ್ಕಳಿಗೆ ವಿಚಾರಶಕ್ತಿಯೇ ಇಲ್ಲವೆಂದು ನಾನು ಸಹೋದ್ಯೋಗಿಗಳ ಮುಂದೆ ಆಡಿಕೊಂಡದ್ದೂ ಉಂಟು.

ನನ್ನ ವರ್ಗಾವಣೆಯ ದಿನ ಸೆಳೆಖಾನೆ ಖಾಲಿ ಮಾಡುವಾಗ ಆ ಚೀಟಿ ಮತ್ತೆ ಕೈಗೆ ಸಿಕ್ಕಿತು. ಬರೆದವಳು ಯಾರೆಂದು ಅಕ್ಷರದಿಂದಲೇ ಗುರುತಿಸಿದೆ. ಏಳನೆಯ ತರಗತಿಯಲ್ಲಿದ್ದವಳು ಆ ಹೊತ್ತಿಗೆ ಹತ್ತನೆಯದನ್ನೂ ಮುಗಿಸಿ ಶಾಲೆ ಬಿಟ್ಟುಹೋಗಿದ್ದಳು. ಅವಳಿಗೆ ಉತ್ತರ ಹೇಳುವ ಕಾಲ ಮೀರಿತ್ತು. ಬೀಗದ ಕೈಯನ್ನು ಮುಂದಿನ ಮುಖ್ಯೋಪಾಧ್ಯಾಯರಿಗೆ ಒಪ್ಪಿಸುವಾಗ ಆ ಚೀಟಿಯನ್ನೂ ಜೊತೆಗೆ ಕೊಟ್ಟೆ. ಅವರು ಓದಿ, ಏನೂ ಹೇಳದೆ ಹೊರಗೆ ಹೋಗಿ, ಹತ್ತನೆಯ ತರಗತಿಯ ನಾಯಕನನ್ನು ಕರೆದು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು. ಮುಂದೆ ಒಂದೆರಡು ಸಲ ಆ ಕಡೆ ಹೋದಾಗ ವಿಚಾರಿಸಿದ್ದೇನೆ. ಪುಸ್ತಕಗಳು ಕೆಲವು ಕಳೆದಿದ್ದವು, ಉಳಿದವು ಓದಿ ಓದಿ ಹರಿದಿದ್ದವು. ನನ್ನ ಕಾಲದಲ್ಲಿ ಒಂದೂ ಕಳೆದಿರಲಿಲ್ಲ, ಒಂದೂ ಹರಿದಿರಲಿಲ್ಲ.

ಎಡೋ ನಗರದ ಆ ಪೆಟ್ಟಿಗೆಯ ಸಂಗತಿಯನ್ನು ಓದಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಶೋಗನ್‌ನಂತೆ ನಾನೂ ಬೀಗದ ಕೈಯನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೆ. ಅವನು ಪೆಟ್ಟಿಗೆ ತೆರೆದು ಓದಿದ ಮೇಲೆ ಚಿಕಿತ್ಸಾಲಯ ಕಟ್ಟಿಸಿದ. ನಾನು ತೆರೆದು, ಓದಿ, ಸೆಳೆಖಾನೆಯನ್ನು ಮುಚ್ಚಿದೆ.