ಚದರ ಎಲ್ಲಿ ಕೂತಿದೆ ನೋಡಿ

ತುಳಸಿಕಟ್ಟೆಯ ಮೇಲೆ ಹಾಸಲು ಗ್ರಾನೈಟ್ ಬೇಕಿತ್ತು. ಕಟ್ಟೆ ಉದ್ದ 3 ಅಡಿ, ಅಗಲ 3 ಅಡಿ. ಕಲ್ಲಿನ ಅಂಗಡಿಗೆ ಫೋನ್ ಮಾಡಿ ‘ಮೂರು ಚದರಡಿ ಕಪ್ಪು ಕಲ್ಲು ಕತ್ತರಿಸಿ ಕಳಿಸಿ’ ಅಂದೆ. ಸಂಜೆ ಆಟೋದಲ್ಲಿ ಬಂದಿಳಿದದ್ದು 2 ಅಡಿ ಉದ್ದ, ಒಂದೂವರೆ ಅಡಿ ಅಗಲದ ತುಂಡು. ಮೇಸ್ತ್ರಿ ಅದನ್ನು ಕಟ್ಟೆಯ ಮೇಲಿಟ್ಟು ನೋಡಿ, ‘ಇದು ತುಳಸಮ್ಮಂಗಲ್ಲ ಸಾರ್, ಬಟ್ಟೆ ಒಗೆಯೋಕೆ ಸರಿ’ ಅಂದರು. ಅಂಗಡಿಯವರದೇನೂ ತಪ್ಪಿಲ್ಲ. ನಾನು ಹೇಳಬೇಕಿದ್ದದ್ದು ‘ಮೂರಡಿ ಚದರ’. ಬೇಕಿದ್ದದ್ದು 9 ಚದರಡಿ, ಕೇಳಿದ್ದು 3.

ಈ ‘ಚದರ’ದ ಬೇರು ಸಂಸ್ಕೃತದ ನಾಲ್ಕರಲ್ಲಿದೆ, ಚದುರಂಗಕ್ಕೆ ನೆಂಟ. ಆದರೆ ಕನ್ನಡದಲ್ಲಿ ಅದು ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ನಿಮ್ಮ ನೆಲ ಹಿಗ್ಗುತ್ತದೆ, ಕುಗ್ಗುತ್ತದೆ. ‘ಹತ್ತು ಚದರಡಿ’ ಅಂದರೆ ಒಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ. ‘ಹತ್ತಡಿ ಚದರ’ ಅಂದರೆ 100 ಚದರಡಿಯ ಕೋಣೆ. ಅಡಿಯನ್ನು ಪೂರಾ ಬಿಟ್ಟು ‘ಹತ್ತು ಚದರ’ ಅಂದರೋ, 1000 ಚದರಡಿಯ ಇಡೀ ಮನೆ! ಬೆಂಗಳೂರು, ಮೈಸೂರು ಕಡೆಯ ಕಟ್ಟಡದವರ ಬಾಯಲ್ಲಿ ಒಂದು ಚದರ ಎಂದರೆ 100 ಚದರಡಿ. ಇನ್ನು ಕಾಗೆಹಿಂಡು ಚದರುವ ‘ಚದರು’ ಬೇರೆಯೇ ಮನೆತನದ್ದು, ಆದರೂ ಕಂಟ್ರಾಕ್ಟರ್ ಎದುರು ಕೂತಾಗ ನನ್ನ ಲೆಕ್ಕಕ್ಕೆ ಆಗುವುದು ಅದೇ.

ಮೇಸ್ತ್ರಿಗಳಿಗೆ ಈ ಗೊಂದಲವಿಲ್ಲ. ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಗೋಡೆಯ ಮೇಲೆ ಎರಡು ಸಾಲು ಬರೆದರು. ಮೇಲೆ 10×12=120. ಕೆಳಗೆ 44-3=41. ಮೊದಲನೆಯದು ನೆಲದ ಟೈಲ್ಸಿನ ಚದರಡಿ. ಎರಡನೆಯದು ಗೋಡೆಯ ಬುಡದ ಸ್ಕರ್ಟಿಂಗ್, ಬಾಗಿಲಿನ ಮೂರಡಿ ಕಳೆದು; ಅದು ‘ರನ್ನಿಂಗ್ ಫೂಟ್’ ಲೆಕ್ಕ. ನಾನು ಜಾಣತನ ತೋರಿಸಲು ಹೋದೆ. ಪಟ್ಟಿ ಇರುವುದು 4 ಇಂಚು ಎತ್ತರ, 41 ಅಡಿಗೆ 14 ಚದರಡಿಯೂ ಆಗುವುದಿಲ್ಲ, ಕೂಲಿಯನ್ನೂ ಅಷ್ಟಕ್ಕೇ ಹಿಡಿಯಿರಿ ಎಂದೆ. ಮೇಸ್ತ್ರಿ ನಕ್ಕರು: ‘ಕಲ್ಲು ಚದರಡೀಲಿ ತಗೊಳ್ಳಿ ಸಾರ್. ಕುಕ್ಕರಗಾಲಲ್ಲಿ ಕೂತು ಸರಿಯೋದು ಉದ್ದಕ್ಕೆ.’

ಉದ್ದಕ್ಕೆ ನಮ್ಮ ಮೈಯೇ ಅಳತೆಗೋಲು. ಗೇಣು, ಮೊಳ, ಮಾರು ಎಲ್ಲವೂ ಕೈಯಲ್ಲೇ ಇವೆ. ಹೂವಾಡಗಿತ್ತಿ ಇವತ್ತಿಗೂ ಮೊಣಕೈಯಿಂದ ಬೆರಳ ತುದಿಗೆ ದಾರ ಎಳೆದು ಮಲ್ಲಿಗೆ ಕೊಡುತ್ತಾಳೆ, ಅವಳ ಮೊಳ ಚಿಕ್ಕದಾಯಿತೆಂದು ಜಗಳವೂ ನಡೆಯುತ್ತದೆ. ಹರವಿಗೆ ಹೀಗೆ ಮೈಯಲ್ಲಿ ಅಳತೆಯಿಲ್ಲ. ಅದಕ್ಕೇ ಇರಬೇಕು, ಹಳೇ ಮೈಸೂರಿನ ರೈತರು ಹೊಲಗದ್ದೆಯನ್ನು ಬೀಜದಲ್ಲಿ ಎಣಿಸಿದರು: ‘ಒಂದು ಖಂಡುಗ ಬಿತ್ತನೆಯ ಗದ್ದೆ’. ಅಂಚು ಎಷ್ಟೇ ಸೊಟ್ಟಗಿರಲಿ, ಉದ್ದ ಅಗಲ ಗುಣಿಸುವ ತಾಪತ್ರಯವಿಲ್ಲ. ನನಗಂತೂ ಇದು ಚದರಕ್ಕಿಂತ ಚೆಂದದ ಉಪಾಯ ಅನಿಸುತ್ತದೆ.

ಆಮೇಲೆ ಸರ್ವೆಯವರ 33 ಅಡಿಯ ಸರಪಳಿ ಬಂತು. ಅದರ ಚದರ, ಅಂದರೆ 1089 ಚದರಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಎರಡು ಸರಪಳಿ ಉದ್ದ, ಎರಡು ಸರಪಳಿ ಅಗಲ ಎಳೆದರೆ ಸಿಗುವುದು ಎರಡು ಗುಂಟೆಯಲ್ಲ, ನಾಲ್ಕು.

ಈಗ ನಾವು ಮನೆಯನ್ನು ಚದರದಲ್ಲಿ ಹೇಳುತ್ತೇವೆ, ಸೈಟನ್ನು ಮಾತ್ರ ಅಂಚು ಹಿಡಿದು ಕರೆಯುತ್ತೇವೆ: ‘ಥರ್ಟಿ ಫಾರ್ಟಿ’. ಗುಣಿಸಿ 1200 ಅನ್ನುವವರು ಕಡಿಮೆ. ನಮ್ಮ ನೆಂಟರೊಬ್ಬರು ತಮ್ಮನ ಜೊತೆ ಸೈಟು ಪಾಲು ಮಾಡಿಕೊಳ್ಳುವ ಮಾತು ಬಂದಾಗ, ‘ಅರ್ಧ ಸೈಟು ಅಂದ್ರೆ ಹದಿನೈದು ಇಪ್ಪತ್ತು ತಾನೆ?’ ಅಂದರು. ಆ ವ್ಯರ್ಥವಾದ ಗ್ರಾನೈಟ್ ತುಂಡು ಗೋಡೆಗೆ ಒರಗಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಸೈಟು ಬರೆದು, ಉದ್ದವನ್ನೂ ಅಗಲವನ್ನೂ ನಡುವೆ ಸೀಳಿದೆ. ಅವರು ಒಂದು ಮನೆಯ ಮೇಲೆ ಬೆರಳಿಟ್ಟು ತುಸು ಹೊತ್ತು ನೋಡಿದರು. ‘ಇದು ನಂದು. ಹಂಗಾದ್ರೆ ಈ ಮೂರೂ ಅವನಿಗಾ?’